ಮಿಡ್ಲ್‌ಟೌನಿಗೆ ಹೋದ ಮೃದಂಗ

ಸಂಗೀತ ಕಚೇರಿಯ ಆಹ್ವಾನಪತ್ರಿಕೆಯೊಂದನ್ನು ಕೈಗೆತ್ತಿಕೊಂಡು ನೋಡಿದರೆ ನಮ್ಮ ಸಂಗೀತಲೋಕದ ಪಂಕ್ತಿಭೇದವೆಲ್ಲ ಅಕ್ಷರಗಳ ಗಾತ್ರದಲ್ಲಿಯೇ ಗೋಚರವಾಗುತ್ತದೆ. ಹಾಡುವವರ ಹೆಸರು ದಪ್ಪಕ್ಷರದಲ್ಲಿ. ಪಿಟೀಲಿನವರದು ಅದಕ್ಕಿಂತ ಚಿಕ್ಕದು. ಮೃದಂಗದವರದು ಇನ್ನೂ ಚಿಕ್ಕದು. ಘಟ, ಖಂಜಿರಗಳವರ ಹೆಸರು ಇದ್ದರೆ ಇತ್ತು, ಇಲ್ಲವಾದರೆ ಇಲ್ಲ. ಕಚೇರಿ ನಡೆಯುವಾಗಲೂ ಅಷ್ಟೆ. ತನಿ ಆವರ್ತನ ಆರಂಭವಾದೊಡನೆ ಗಾಯಕರು ಫ್ಲಾಸ್ಕಿನತ್ತ ಕೈ ಚಾಚುತ್ತಾರೆ, ಸಭಿಕರಲ್ಲಿ ಅರ್ಧ ಜನ ಕಾಫಿಗೆಂದು ಏಳುತ್ತಾರೆ. ಈ ವಿಷಯದಲ್ಲಿ ಆಕಾಶವಾಣಿಯ ಉದ್ಘೋಷಕರನ್ನು ಮೆಚ್ಚಬೇಕು. ಕಚೇರಿಯ ಮೊದಲಿಗೂ ಕೊನೆಗೂ ಪಕ್ಕವಾದ್ಯದವರ ಹೆಸರನ್ನು ಅವರು ಹಾಡಿದವರ ಹೆಸರಿನಷ್ಟೇ ಗಟ್ಟಿಯಾದ ಧ್ವನಿಯಲ್ಲಿ ಹೇಳುತ್ತಾರೆ. ಧ್ವನಿಗೆ ದಪ್ಪಕ್ಷರ, ಚಿಕ್ಕಕ್ಷರ ಎಂಬುದಿಲ್ಲವಷ್ಟೆ.

ಈ ಪಂಕ್ತಿಭೇದವು ನಮ್ಮವರಿಗೆ ಮಾತ್ರ ಸೀಮಿತವಾದುದಲ್ಲ ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ. ಕಡಲಾಚೆಯಿಂದ ಬಂದು ನಮ್ಮ ಸಂಗೀತ ಕಲಿತವರಲ್ಲಿ ಜಾನ್ ಹಿಗ್ಗಿನ್ಸ್ ಅವರ ಹೆಸರನ್ನು ಕೇಳದ ಸಂಗೀತಪ್ರಿಯರು ವಿರಳ. 1965ರಲ್ಲಿ ತಿರುವೈಯಾರಿನ ತ್ಯಾಗರಾಜರ ಆರಾಧನೆಯಲ್ಲಿ ಹಾಡಿ ‘ಹಿಗ್ಗಿನ್ಸ್ ಭಾಗವತರ್’ ಎನಿಸಿಕೊಂಡವರು ಅವರು. ಅವರ ಕಂಠದಲ್ಲಿ ವ್ಯಾಸರಾಯರ ಕೃಷ್ಣನನ್ನು ಕೇಳಿ ಕಣ್ಣು ಒದ್ದೆ ಮಾಡಿಕೊಂಡ ಕನ್ನಡಿಗರನ್ನು ನಾನು ಬಲ್ಲೆ. ಆದರೆ ಹಿಗ್ಗಿನ್ಸರಿಗೂ ಮೊದಲೇ ಅದೇ ದೇಶದಿಂದ ಮದರಾಸಿಗೆ ಬಂದು, ಅದೇ ಮನೆತನದ ಬಾಗಿಲು ತಟ್ಟಿ, ಹಾಡನ್ನು ಬಿಟ್ಟು ಮೃದಂಗವನ್ನು ಅಪ್ಪಿಕೊಂಡ ರಾಬರ್ಟ್ ಬ್ರೌನ್ ಅವರನ್ನು ಬಲ್ಲವರು ಎಷ್ಟು ಮಂದಿ? ಬ್ರೌನರ ತರುವಾಯ ಅದೇ ಗುರುವಿನ ಬಳಿ ಕಲಿತು, ಬಾಳಿನ ಬಹುಭಾಗವನ್ನು ಆ ವಾದ್ಯದ ಹಿಂದೆಯೇ ಕಳೆದ ಡೇವಿಡ್ ನೆಲ್ಸನ್ ಅವರನ್ನು? ಪರದೇಶದವನು ಮೃದಂಗವನ್ನು ಮಡಿಲಿಗೆ ತೆಗೆದುಕೊಂಡಾಗ ಅದರ ವಿದ್ಯೆಯ ಜೊತೆಗೆ ಅದರ ಆಸನವನ್ನೂ ಪಡೆದನೆಂದು ಕಾಣುತ್ತದೆ: ವೇದಿಕೆಯ ಪಕ್ಕದ ಆಸನ.

ಬ್ರೌನ್ ಹುಟ್ಟಿದ್ದು 1927ರಲ್ಲಿ. ಪಿಯಾನೊ ಕಲಿತು ಬಂದವರು. ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಗ ಮ್ಯಾಂಟಲ್ ಹುಡ್ ಎಂಬ ಪ್ರಾಧ್ಯಾಪಕರಿದ್ದರು. ಒಂದು ಜನಾಂಗದ ಸಂಗೀತವನ್ನು ಅಭ್ಯಾಸ ಮಾಡಬೇಕಾದವನು ದೂರ ನಿಂತು ಟಿಪ್ಪಣಿ ಬರೆದುಕೊಂಡರೆ ಸಾಲದು, ಆ ಸಂಗೀತವನ್ನು ಸ್ವತಃ ನುಡಿಸಲು ಕಲಿಯಬೇಕು ಎಂಬುದು ಹುಡ್‌ರ ಹಟ. ಎರಡು ಭಾಷೆಗಳನ್ನು ಬಲ್ಲವನಂತೆ ಎರಡು ಸಂಗೀತಗಳನ್ನು ಬಲ್ಲವನಾಗಬೇಕು ಎಂದು ಅವರು 1960ರಲ್ಲಿ ಪ್ರಕಟಿಸಿದ ಲೇಖನವೊಂದು ಆ ಕ್ಷೇತ್ರದಲ್ಲಿ ಪ್ರಸಿದ್ಧವಾಯಿತು. ನಮಗೆ ಇದರಲ್ಲಿ ಹೊಸದೇನೂ ತೋರದು. ಹಾಡಲು ಬಾರದವನು ಸಂಗೀತದ ಬಗ್ಗೆ ಬಾಯಿ ತೆರೆದರೆ ನಮ್ಮ ಹಿರಿಯರು ಗದರುತ್ತಿದ್ದರು. ಆದರೆ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಿಗೆ ಅದು ಹೊಸ ಮಾತಾಗಿತ್ತು. ಹುಡ್‌ರ ಮೊದಮೊದಲ ಶಿಷ್ಯರಲ್ಲಿ ಒಬ್ಬರಾದ ಬ್ರೌನ್, 1950ರ ದಶಕದ ಕೊನೆಯಲ್ಲಿ ಆ ಮಾತನ್ನು ನಂಬಿಕೊಂಡು ಮದರಾಸಿಗೆ ಬಂದರು.

ಅವರಿಗೆ ದೊರೆತ ಗುರು ಟಿ. ರಂಗನಾಥನ್. ಈ ಹೆಸರಿನ ಹಿಂದೆ ಒಂದು ಮನೆತನವೇ ನಿಂತಿದೆ. ವೀಣೆ ಧನಮ್ಮಾಳ್ ಎಂದರೆ ದಕ್ಷಿಣಾದಿ ಸಂಗೀತದಲ್ಲಿ ಒಂದು ಪ್ರಮಾಣ. ಆಕೆಯ ಮಗಳು ಜಯಮ್ಮಾಳ್. ಜಯಮ್ಮಾಳರ ಮಕ್ಕಳು ನಾಟ್ಯದ ಬಾಲಸರಸ್ವತಿ, ಮೃದಂಗದ ರಂಗನಾಥನ್, ಕೊಳಲಿನ ವಿಶ್ವನಾಥನ್. ಒಂದೇ ಮನೆಯ ಅಕ್ಕತಮ್ಮಂದಿರು ಮೂವರು ಮೂರು ಕಲೆಗಳಲ್ಲಿ ಈ ಮಟ್ಟಕ್ಕೆ ಏರಿದ ನಿದರ್ಶನ ಹೆಚ್ಚಿಲ್ಲ. ರಂಗನಾಥನ್ 1925ರಲ್ಲಿ ಹುಟ್ಟಿದವರು. ವಿಶ್ವನಾಥನ್ ಅವರಿಗಿಂತ ಎರಡು ವರ್ಷ ಚಿಕ್ಕವರು.

ರಂಗನಾಥನ್ ಕಲಿತದ್ದು ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರಲ್ಲಿ. ಇಲ್ಲಿ ಕೊಂಚ ನಿಲ್ಲಬೇಕು. ಪಿಳ್ಳೆಯವರು ಎಡಗೈಯವರು. ಎಡಗೈಯವರಾದರೇನಂತೆ ಎಂದು ನೀವು ಕೇಳಬಹುದು. ಮೃದಂಗದ ಎರಡು ಮುಖಗಳಲ್ಲಿ ಕರಣೆ ಹಾಕಿದ ಬಲಮುಖವು ಸಭೆಗೆ ಎದುರಾಗಿರಬೇಕು, ಅದರ ನಾದವೇ ಸಭೆಗೆ ಮುಟ್ಟಬೇಕಾದುದು. ಆದ್ದರಿಂದ ಮೃದಂಗದವರು ಗಾಯಕರ ಬಲಕ್ಕೂ ಪಿಟೀಲಿನವರು ಎಡಕ್ಕೂ ಕೂರುವುದು ರೂಢಿ. ಎಡಗೈಯವರು ಬಂದರೆ ಈ ವ್ಯವಸ್ಥೆಯೆಲ್ಲ ತಲೆಕೆಳಗು; ಪಿಟೀಲಿನವರು ತಮ್ಮ ಜಾಗ ಬಿಟ್ಟು ಆಚೆ ಬದಿಗೆ ಹೋಗಬೇಕು. ಜಾಗ ಬಿಡುವುದೆಂದರೆ ನಮ್ಮಲ್ಲಿ ಸಣ್ಣ ಮಾತೇ? ಅಂಥ ಕಾಲದಲ್ಲಿ ಚೆಂಬೈ ವೈದ್ಯನಾಥ ಭಾಗವತರಂಥ ದೊಡ್ಡ ಮನಸ್ಸಿನವರು ಅವರನ್ನು ಒಲವಿನಿಂದ ಜೊತೆಗೆ ಕೂರಿಸಿಕೊಂಡರು. ಪುದುಕ್ಕೋಟೆಯ ಮಾನ್‌ಪೂಂಡಿಯಾ ಪಿಳ್ಳೆಯವರಿಂದ ಹೊರಟ ಲೆಕ್ಕದ ಪರಂಪರೆ ಅವರ ಕೈಗೆ ಬಂದಿತ್ತು. ಪಾಲ್ಘಾಟ್ ಮಣಿ ಅಯ್ಯರ್ ಅವರೊಂದಿಗೆ ಸಮನಾಗಿ ಹೆಸರು ಹೇಳಬೇಕಾದ ವಿದ್ವಾಂಸರು ಅವರು. ಅವರು ತೀರಿಕೊಂಡದ್ದು 1962ರಲ್ಲಿ. ಮರುವರ್ಷ, 1963ರಲ್ಲಿ, ಅವರ ಶಿಷ್ಯ ರಂಗನಾಥನ್ ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಗುರುವಾಗಿ ಹೋದರು. 1971ರಲ್ಲಿ ಇನ್ನೊಬ್ಬ ಶಿಷ್ಯ ತಿರುಚ್ಚಿ ಶಂಕರನ್ ಕೆನಡಾದ ಟೊರಾಂಟೊ ನಗರದ ಯಾರ್ಕ್ ವಿಶ್ವವಿದ್ಯಾಲಯಕ್ಕೆ ಹೋಗಿ, ಹಿಗ್ಗಿನ್ಸರ ಜೊತೆಗೂಡಿ ಅಲ್ಲಿ ಕರ್ನಾಟಕ ಸಂಗೀತದ ಬೋಧನೆಯನ್ನು ಆರಂಭಿಸಿದರು. ವೇದಿಕೆಯ ಮೇಲೆ ಕೂರುವ ಜಾಗಕ್ಕೇ ತೊಡಕಾಗಿದ್ದ ಒಬ್ಬರ ಕೈಚಳಕವು ಉತ್ತರ ಅಮೆರಿಕದ ಎರಡು ವಿದ್ಯಾಪೀಠಗಳಲ್ಲಿ ಪಾಠವಾಯಿತು.

ಬ್ರೌನ್ ಏನನ್ನು ಕಲಿತರು? ಮೃದಂಗವನ್ನು ಕಲಿಯಬಂದ ಯಾರಿಗಾದರೂ ಮೊದಲು ಎದುರಾಗುವುದು ಮೃದಂಗವಲ್ಲ, ತಮ್ಮದೇ ಬಾಯಿ. ಸೊಲ್ಲುಗಳನ್ನು ಬಾಯಲ್ಲಿ ಹೇಳಬೇಕು, ಕೈಯಲ್ಲಿ ತಾಳ ಹಾಕಬೇಕು. ಅದು ಹಿಡಿತಕ್ಕೆ ಬಂದಮೇಲೆ ಬೆರಳಿಗೆ ಇಳಿಸಬೇಕು. ತಮಿಳರು ಇದನ್ನು ‘ಸೊಲ್ಕಟ್ಟು’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವ ವಿದ್ವಾಂಸರು ಈ ಪದವನ್ನು ಬಿಡಿಸಿ ಹೇಳಲು ಒಂದು ಪ್ಯಾರಾವನ್ನೇ ವ್ಯಯ ಮಾಡುತ್ತಾರೆ. ಕನ್ನಡಿಗನಿಗೆ ಆ ಕಷ್ಟವಿಲ್ಲ. ಸೊಲ್ಲೂ ನಮ್ಮದೇ, ಕಟ್ಟೂ ನಮ್ಮದೇ. ಸೊಲ್ಲಿನ ಕಟ್ಟು ಎಂದರೆ ಪದ್ಯದ ಕಟ್ಟು ಎಂದಂತೆಯೇ ನಮಗೆ ಅರ್ಥವಾಗಿಬಿಡುತ್ತದೆ.

ಪದ್ಯದ ಮಾತು ಬಂದಿತಾಗಿ ನನ್ನ ಕಸುಬಿನ ಒಂದು ಸಂಗತಿ ಹೇಳಲು ಅಪ್ಪಣೆ ಕೊಡಿ. ಮೂವತ್ತಕ್ಕೂ ಹೆಚ್ಚು ವರ್ಷ ನಾನು ಕಾಲೇಜಿನಲ್ಲಿ ಛಂದಸ್ಸು ಪಾಠ ಮಾಡಿದೆ. ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿ, ಲಘು ಗುರುಗಳನ್ನು ಗುರುತಿಸಿ, ಗಣ ವಿಂಗಡಿಸುವುದನ್ನು ಹುಡುಗರು ಎರಡು ವಾರದಲ್ಲಿ ಕಲಿಯುತ್ತಿದ್ದರು. ಪರೀಕ್ಷೆಯಲ್ಲಿ ಅಂಕಗಳೂ ಬರುತ್ತಿದ್ದುವು. ಅದೇ ಪದ್ಯವನ್ನು ಗಟ್ಟಿಯಾಗಿ ಓದು ಎಂದರೆ ಗದ್ಯದಂತೆ ಓದುವರು! ಮೂರರ ಗಣದ ಉತ್ಸಾಹ, ನಾಲ್ಕರ ಮಂದಾನಿಲ, ಐದರ ಲಲಿತ ಇವು ಹಲಗೆಯ ಮೇಲಿನ ಗೆರೆಗಳಾಗಿದ್ದುವೇ ಹೊರತು ಕಿವಿಯ ಸಂಗತಿಗಳಾಗಿರಲಿಲ್ಲ. ಒಂದು ವರ್ಷ ಮೃದಂಗ ಬಲ್ಲ ಹುಡುಗನೊಬ್ಬ ನಮ್ಮ ತರಗತಿಗೆ ಬಂದ. ಭಾಮಿನಿಯ ಸಾಲನ್ನು ನಾನು ವಿವರಿಸುತ್ತಿರುವಾಗ ಅವನು ಮೇಜಿನ ಅಡಿಯಲ್ಲಿ ಬೆರಳಾಡಿಸಿ ‘ತಕಿಟ ತಕದಿಮಿ, ತಕಿಟ ತಕದಿಮಿ’ ಎಂದು ಮೆಲ್ಲಗೆ ಹೇಳಿಕೊಳ್ಳುತ್ತಿದ್ದ. ಅವನನ್ನು ಎದ್ದು ನಿಲ್ಲಿಸಿ ಗಟ್ಟಿಯಾಗಿ ಹೇಳಿಸಿದೆ. ಕುಮಾರವ್ಯಾಸನ ಮೂರು ನಾಲ್ಕು ಮಾತ್ರೆಗಳ ನಡೆ ಇಡೀ ತರಗತಿಗೆ ಹತ್ತು ನಿಮಿಷದಲ್ಲಿ ಹತ್ತಿತು. ಲಕ್ಷ್ಮೀಶನ ವಾರ್ಧಕಕ್ಕೆ ‘ತಕತಕಿಟ’ ಸಾಕಾಯಿತು. ಗಮಕಿಗಳು ಹೀಗೆ ಗಡಿಯಾರದಂತೆ ಓದುವುದಿಲ್ಲ, ಎಳೆಯುತ್ತಾರೆ, ತಡೆಯುತ್ತಾರೆ, ಅದು ಬೇರೆ ಮಾತು. ಆದರೆ ನಡೆ ಬಾಯಿಗೆ ಬಾರದೆ ಕಾಗದದಿಂದ ಬಾರದು ಎಂಬುದು ನನಗೆ ಅಂದು ಮನವರಿಕೆಯಾಯಿತು. ನಮ್ಮ ನಾಗವರ್ಮ ಹತ್ತನೆಯ ಶತಮಾನದ ಕೊನೆಯಲ್ಲಿ ಛಂದೋಂಬುಧಿಯನ್ನು ಬರೆದಾಗ ಲಕ್ಷಣಗಳನ್ನೆಲ್ಲ ತನ್ನ ಮಡದಿಗೆ ಹೇಳುವಂತೆ ಸಂಬೋಧಿಸಿ ಬರೆದ. ಶಾಸ್ತ್ರಗ್ರಂಥಕ್ಕೂ ಎದುರಿಗೆ ಕೇಳುವ ಒಂದು ಕಿವಿ ಬೇಕಾಗಿತ್ತು.

ಬ್ರೌನರ ಮುಂದಿದ್ದ ಇಕ್ಕಟ್ಟು ಇದೇ. ಅವರು ಬಂದದ್ದು ಕಾಗದದ ಲೋಕದಿಂದ. ಸ್ವರಲಿಪಿ ಇಲ್ಲದ ಸಂಗೀತವನ್ನು ವಿದ್ಯೆ ಎಂದೇ ಒಪ್ಪದ ವಿಶ್ವವಿದ್ಯಾಲಯಗಳಿಗೆ ಪ್ರಬಂಧ ಒಪ್ಪಿಸಬೇಕಾದವರು. ಕಲಿಯುತ್ತಿದ್ದುದೋ ಬಾಯಿಂದ ಕಿವಿಗೆ, ಕಿವಿಯಿಂದ ಕೈಗೆ ಹರಿಯುವ ವಿದ್ಯೆ. ಅವರು ಮೊದಲು ಬಾಯಿಯ ದಾರಿ ಹಿಡಿದರು, ಆಮೇಲೆ ಬರೆದರು. ದಕ್ಷಿಣ ಭಾರತದ ಮೃದಂಗವಾದನವನ್ನು ಕುರಿತ ಅವರ ಮಹಾಪ್ರಬಂಧ 1965ರಲ್ಲಿ ಸಿದ್ಧವಾಯಿತು. ನಮ್ಮ ವಿದ್ವಾಂಸರೇ ಯಾಕೆ ಅಂಥದೊಂದನ್ನು ಬರೆಯಲಿಲ್ಲ ಎಂದು ಆಗಾಗ ಗೊಣಗುವವರುಂಟು. ಮೃದಂಗದವರು ಬರೆಯಲಿಲ್ಲ, ನಿಜ. ಅವರಿಂದ ಬರೆಸಬೇಕೆಂದು ನಮಗೆ ಎಂದಾದರೂ ತೋರಿತ್ತೇ? ರಾಗಲಕ್ಷಣಕ್ಕೆ ನೂರು ಪುಸ್ತಕ ಅಚ್ಚಾಗುತ್ತಿದ್ದ ನಾಡಿನಲ್ಲಿ ಮೃದಂಗದವರನ್ನು ವಿದ್ವಾಂಸರೆಂದು ಕರೆದು ಕೂರಿಸಿ ‘ನಿಮ್ಮ ಶಾಸ್ತ್ರವನ್ನು ಹೇಳಿ’ ಎಂದು ಕೇಳಿದವರು ಕಡಿಮೆ. ಒಬ್ಬ ಪಿಯಾನೊ ವಾದಕ ಸಮುದ್ರ ದಾಟಿ ಬಂದು ಕೇಳಿದ.

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದಲ್ಲಿ ಮಿಡ್ಲ್‌ಟೌನ್ ಎಂಬ ಸಣ್ಣ ಊರಿದೆ. ಅಲ್ಲಿರುವ ವೆಸ್ಲಿಯನ್ ವಿಶ್ವವಿದ್ಯಾಲಯ 1831ರಲ್ಲಿ ಸ್ಥಾಪನೆಯಾದುದು. 1960ರ ದಶಕದ ಆದಿಯಲ್ಲಿ ಬ್ರೌನ್ ಅಲ್ಲಿ ಅಧ್ಯಾಪಕರಾದರು. ಪರದೇಶಗಳ ಸಂಗೀತವನ್ನು ಆಯಾ ದೇಶದ ವಿದ್ವಾಂಸರನ್ನೇ ಕರೆತಂದು ಕಲಿಸಬೇಕೆಂಬುದು ಅವರ ಯೋಜನೆ. ಈ ಇಡೀ ಕಾರ್ಯಕ್ಕೆ ಅವರು ಇಟ್ಟ ಹೆಸರು ‘ವರ್ಲ್ಡ್ ಮ್ಯೂಸಿಕ್’, ವಿಶ್ವಸಂಗೀತ. ಆ ಮಾತನ್ನು ಟಂಕಿಸಿದ ಕೀರ್ತಿ ಅವರಿಗೇ ಸಲ್ಲುತ್ತದೆ. 1987ರಲ್ಲಿ ಲಂಡನ್ನಿನ ಕೆಲವು ಧ್ವನಿಮುದ್ರಿಕೆ ವ್ಯಾಪಾರಿಗಳು ಸಭೆ ಸೇರಿ, ಅಂಗಡಿಯ ಕಪಾಟಿಗೆ ಅಂಟಿಸಲು ಒಂದು ಚೀಟಿ ಬೇಕೆಂದು ಇದೇ ಮಾತನ್ನು ಆರಿಸಿಕೊಂಡರು. ಗುರುಕುಲಕ್ಕೆ ಇಟ್ಟ ಹೆಸರು ಸಂತೆಯ ಸರಕಿನ ಹೆಸರಾಯಿತು. ಇದಕ್ಕೆ ಬ್ರೌನರನ್ನು ದೂರುವಂತಿಲ್ಲ.

ಮದರಾಸಿನಿಂದ ಬಂದವರಿಗೆ ಮಿಡ್ಲ್‌ಟೌನ್ ಏನನ್ನು ಕೊಟ್ಟಿತು ಎಂಬುದನ್ನು ಯೋಚಿಸುವಾಗ ಸ್ವದೇಶದ ಸ್ಥಿತಿಯನ್ನು ಮರೆಯಲಾಗದು. ಬಾಲಸರಸ್ವತಿಯವರ ಮನೆತನ ದೇವದಾಸೀ ಪರಂಪರೆಯದು. ಮದರಾಸು ಪ್ರಾಂತದಲ್ಲಿ 1947ರಲ್ಲಿ ಕನ್ಯೆಯರನ್ನು ದೇವರಿಗೆ ಅರ್ಪಿಸುವುದನ್ನು ನಿಷೇಧಿಸುವ ಕಾನೂನು ಬಂದಿತು. ಅದು ಅಗತ್ಯವಾಗಿದ್ದ ಕಾನೂನು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಕೆಟ್ಟ ಪದ್ಧತಿಯನ್ನು ತೊಳೆಯುವ ಉತ್ಸಾಹದಲ್ಲಿ ಆ ಕುಲದವರು ಕಾಪಾಡಿಕೊಂಡು ಬಂದಿದ್ದ ಕಲೆಯನ್ನು ಸಭ್ಯರು ಇಸಿದುಕೊಂಡು, ಕಲಾವಿದರನ್ನು ಬಾಗಿಲಾಚೆ ನಿಲ್ಲಿಸಿದರು ಎಂಬುದೂ ಸುಳ್ಳಲ್ಲ. ಬಾಲಸರಸ್ವತಿ 1962ರಲ್ಲಿ ಅಮೆರಿಕಕ್ಕೆ ಹೋದಾಗ ವೆಸ್ಲಿಯನ್ನಿನಲ್ಲಿ ಪಾಠ ಹೇಳಿದರು. ಮರುವರ್ಷ ರಂಗನಾಥನ್ ಅಲ್ಲಿಯ ಆಸ್ಥಾನ ಕಲಾವಿದರಾದರು. ಆಸ್ಥಾನ ಎಂಬ ಹಳೆಯ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ, ಅಲ್ಲಿಯ ಹುದ್ದೆಯ ಹೆಸರಿಗೆ ಅದಕ್ಕಿಂತ ಹೊಂದುವ ಪದ ನನಗೆ ಸಿಕ್ಕಿಲ್ಲ. ವಿಶ್ವನಾಥನ್ ಕೂಡ ಮುಂದೆ ಅಲ್ಲಿಯೇ ನೆಲೆಸಿ ಕಲಿಸಿದರು. ತಾಯ್ನಾಡಿನಲ್ಲಿ ಪಕ್ಕದ ಆಸನದ ವಾದ್ಯಕ್ಕೆ ಅಲ್ಲಿ ಒಂದು ಪ್ರತ್ಯೇಕ ಪಾಠದ ಕೋಣೆಯೇ ದೊರಕಿತು.

ಬ್ರೌನರ ಮನೆಯಲ್ಲಿ ನಡೆಯುತ್ತಿದ್ದ ಕಚೇರಿಗಳನ್ನು ಅಲ್ಲಿಯವರು ‘ಕರಿ ಕನ್ಸರ್ಟ್’ ಎಂದು ಕರೆಯುತ್ತಿದ್ದರು. ಮೊದಲು ಭಾರತದ ಅಡುಗೆಯ ಊಟ, ಆಮೇಲೆ ಸಂಗೀತ. ಹೆಸರು ನಮಗೆ ತಮಾಷೆಯಾಗಿ ಕೇಳಿಸಬಹುದು. ನಮ್ಮ ರಾಮೋತ್ಸವದಲ್ಲಿ ಕೋಸಂಬರಿ ಪಾನಕಕ್ಕೂ ಕಚೇರಿಗೂ ಇರುವ ನಂಟನ್ನು ನೆನೆದರೆ ಅವರು ಮಾಡಿದ್ದು ಸರಿ ಎಂದೇ ತೋರುತ್ತದೆ.

ರಂಗನಾಥನ್ ಅವರ ಬಳಿ ಹಲವರು ಕಲಿತರು. ಜಾನ್ ಬರ್ಗಾಮೊ ಎಂಬ ಪಾಶ್ಚಾತ್ಯ ತಾಳವಾದ್ಯಗಾರರು ಕಲಿತು, ಕ್ಯಾಲಿಫೋರ್ನಿಯಾದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದು, ನಮ್ಮ ಬೆರಳಿನ ಕುಶಲತೆಯನ್ನು ನಾನಾ ದೇಶಗಳ ಚರ್ಮವಾದ್ಯಗಳ ಮೇಲೆ ಪ್ರಯೋಗಿಸಿದರು. ಡಗ್ಲಸ್ ನೈಟ್ ಕಲಿತು ಬಾಲಸರಸ್ವತಿಯವರ ನೃತ್ಯಕ್ಕೆ ಮೃದಂಗ ನುಡಿಸಿದರು. ಮುಂದೆ ಆ ಮನೆಯ ಅಳಿಯನೂ ಆದರು. 2010ರಲ್ಲಿ ಆಕೆಯ ಜೀವನಚರಿತ್ರೆಯನ್ನು ಬರೆದವರೂ ಅವರೇ. ಡೇವಿಡ್ ನೆಲ್ಸನ್ 1970ರ ದಶಕದಲ್ಲಿ ಶಿಷ್ಯರಾದರು. 1991ರಲ್ಲಿ ತನಿ ಆವರ್ತನವನ್ನು ಕುರಿತು ಅವರು ವೆಸ್ಲಿಯನ್ನಿಗೆ ಮಹಾಪ್ರಬಂಧ ಒಪ್ಪಿಸಿದರು. ಅದರ ಹೆಸರು ‘ಮೃದಂಗಂ ಮೈಂಡ್’, ಎಂದರೆ ಮೃದಂಗದವರ ಮನಸ್ಸು. ಕೈಯನ್ನು ಎಲ್ಲರೂ ನೋಡುತ್ತಾರೆ. ಈತ ಮನಸ್ಸಿಗೆ ಕೈ ಹಾಕಿದರು.

ಇಲ್ಲಿ ಒಂದು ವಿವೇಚನೆ ಅಗತ್ಯ. ಮೃದಂಗದ ವಿದ್ಯೆಯಲ್ಲಿ ಎರಡು ಭಾಗಗಳಿವೆ ಎಂದುಕೊಳ್ಳಿ. ಒಂದು ಲೆಕ್ಕ. ಆದಿತಾಳದ ಒಂದು ಆವರ್ತಕ್ಕೆ ಎಂಟು ಅಕ್ಷರ. ಅಕ್ಷರಕ್ಕೆ ನಾಲ್ಕು ಮಾತ್ರೆ ಹಿಡಿದರೆ 32 ಮಾತ್ರೆ. ‘ತದಿಗಿಣತೊಂ’ ಎಂಬ ಐದು ಮಾತ್ರೆಯ ಸೊಲ್ಲನ್ನು ಮೂರು ಸಲ ನುಡಿಸಿ, ನಡುವೆ ಎರಡೆರಡು ಮಾತ್ರೆ ಬಿಡುವು ಕೊಟ್ಟರೆ ಒಟ್ಟು 19 ಆಗುತ್ತದೆ. ಮೂರನೆಯ ಸಲ ಮುಗಿದ ಕೂಡಲೇ ಸಮ ಬೀಳಬೇಕಾದರೆ ಆವರ್ತದಲ್ಲಿ 13 ಮಾತ್ರೆ ಕಳೆದಮೇಲೆ ಹೊರಡಬೇಕು. ಇದು ಬಾಲಪಾಠ; ದೊಡ್ಡ ವಿದ್ವಾಂಸರ ಕೋರ್ವೆಗಳು ಇದರ ಹತ್ತರಷ್ಟು ಜಟಿಲ. ಈ ಲೆಕ್ಕವನ್ನು ಕಾಗದದ ಮೇಲೆ ಬರೆಯಬಹುದು, ಕಡಲಾಚೆಗೆ ಅಂಚೆಯಲ್ಲಿ ಕಳುಹಿಸಬಹುದು, ಬೇರೆ ವಾದ್ಯದಲ್ಲಿ ನುಡಿಸಬಹುದು. ಪರದೇಶದ ಸಂಗೀತಗಾರರು ನಮ್ಮ ತಾಳವಿದ್ಯೆಗೆ ಮಾರುಹೋದದ್ದು ಬಹುಮಟ್ಟಿಗೆ ಈ ಲೆಕ್ಕಕ್ಕೆ. ನಮ್ಮ ಬೆಂಗಳೂರಿನಲ್ಲಿಯೇ ಇದಕ್ಕೆ ಸಾಕ್ಷಿಯುಂಟು. 1964ರಲ್ಲಿ ಆರಂಭವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ಶಾಲೆಯನ್ನು ಮೃದಂಗದ ಟಿ. ಎ. ಎಸ್. ಮಣಿಯವರು ದಶಕಗಳ ಕಾಲ ಮುನ್ನಡೆಸಿದರು; 2020ರಲ್ಲಿ ಅವರು ತೀರಿಕೊಂಡರು. ಅವರೂ ಗಾಯಕಿ ಆರ್. ಎ. ರಮಾಮಣಿಯವರೂ ತಮ್ಮ ತಂಡದೊಡನೆ ಜರ್ಮನಿಯ ‘ಎಂಬ್ರಿಯೊ’ ಬಳಗದೊಂದಿಗೆ ನುಡಿಸಿದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆ ಹೊರತಂದರು. ಜಾಜ್ ಸಂಗೀತಗಾರರಿಗೆ ನಮ್ಮ ಐದರ ನಡೆ, ಏಳರ ನಡೆ ಸಕ್ಕರೆಯಾಗಿ ಕಂಡಿತು.

ಇನ್ನೊಂದು ಭಾಗ ಅನುಸರಣೆ. ಎರಡೂವರೆ ಗಂಟೆಯ ಕಚೇರಿಯಲ್ಲಿ ತನಿ ಆವರ್ತನಕ್ಕೆ ಸಿಗುವುದು ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಉಳಿದ ಸಮಯವೆಲ್ಲ ಮೃದಂಗದವರು ಇನ್ನೊಬ್ಬರ ಹಾಡಿನ ಹಿಂದೆ ನಡೆಯಬೇಕು. ಕೃತಿಯ ಎತ್ತುಗಡೆ ಸಮದಲ್ಲೋ, ಅರ್ಧ ಅಕ್ಷರ ಬಿಟ್ಟೋ. ಅನುಪಲ್ಲವಿಗೆ ಯಾವಾಗ ಏರುತ್ತಾರೆ. ಈ ಸಂಗತಿ ಮುಗಿದು ಮುಂದಿನದು ಎಲ್ಲಿ. ಎಲ್ಲಿ ತುಂಬಬೇಕು, ಎಲ್ಲಿ ಕೈ ತಡೆಯಬೇಕು. ಇದಕ್ಕೆ ನೂರಾರು ಕೃತಿಗಳು ತಲೆಯಲ್ಲಿರಬೇಕು, ಸಾಹಿತ್ಯದ ಭಾಷೆ ಅರ್ಥವಾಗದಿದ್ದರೂ ಅದರ ಉಸಿರು ಗೊತ್ತಿರಬೇಕು. ಇದು ಅಂಚೆಯಲ್ಲಿ ಹೋಗುವ ವಿದ್ಯೆಯಲ್ಲ. ಹಾಡುವವರ ಮೊಗವನ್ನು ನೋಡುತ್ತ ವರ್ಷಾನುಗಟ್ಟಲೆ ಪಕ್ಕದಲ್ಲಿ ಕುಳಿತವರಿಗೆ ಮಾತ್ರ ಬರುತ್ತದೆ. ನೈಟ್, ನೆಲ್ಸನ್ ಇವರಿಬ್ಬರನ್ನು ನಾನು ವಿಶೇಷವಾಗಿ ಗೌರವಿಸುವುದು ಈ ಕಾರಣಕ್ಕೆ. ಲೆಕ್ಕವನ್ನು ಕಲಿತು ತಮ್ಮ ದಾರಿ ಹಿಡಿಯುವುದು ಸುಲಭವಾಗಿತ್ತು. ಅದರಿಂದ ಹೆಸರೂ ಬೇಗ ಬರುತ್ತಿತ್ತು. ಇವರು ಅನುಸರಣೆಯನ್ನು ಆರಿಸಿಕೊಂಡರು. ನೆಲ್ಸನ್ ತಮ್ಮ ಗುರುವಿನ ತಮ್ಮ ವಿಶ್ವನಾಥನ್ ಅವರ ಕೊಳಲಿಗೂ ಹಾಡಿಗೂ ಎಷ್ಟೋ ಕಚೇರಿಗಳಲ್ಲಿ ಪಕ್ಕವಾದ್ಯ ನುಡಿಸಿದರು.

ಹಿಗ್ಗಿನ್ಸರಿಗೆ ದೊರೆತ ಜನಪ್ರೀತಿ ಇವರಿಗೆ ದೊರೆಯಲಿಲ್ಲವೇಕೆ ಎಂಬುದಕ್ಕೆ ಉತ್ತರ ಇಲ್ಲಿಯೇ ಇದೆಯೆಂದು ತೋರುತ್ತದೆ. ಬಿಳಿಯ ಮನುಷ್ಯನ ಬಾಯಲ್ಲಿ ತ್ಯಾಗರಾಜರ ತೆಲುಗೋ ವ್ಯಾಸರಾಯರ ಕನ್ನಡವೋ ಶುದ್ಧವಾಗಿ ಹೊರಟಾಗ ನಮಗೆ ಆಶ್ಚರ್ಯದ ಜೊತೆಗೆ ಒಂದು ಬಗೆಯ ಹೆಮ್ಮೆಯೂ ಆಗುತ್ತದೆ. ನಮ್ಮ ದೇವರನ್ನು ಇವನೂ ಕರೆದನಲ್ಲ ಎಂಬ ಭಾವ. ಹಿಗ್ಗಿನ್ಸರ ವಿದ್ವತ್ತನ್ನು ಕಡಿಮೆ ಮಾಡಿ ಈ ಮಾತು ಹೇಳುತ್ತಿಲ್ಲ. 1984ರ ಡಿಸೆಂಬರಿನಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ರಸ್ತೆಯಲ್ಲಿ ನಡೆದುಹೋಗುತ್ತಿದ್ದಾಗ ಕುಡಿದವನೊಬ್ಬನ ಕಾರಿಗೆ ಸಿಕ್ಕಿ ಅವರು ಸತ್ತದ್ದು ನಮ್ಮ ಸಂಗೀತಕ್ಕೇ ಆದ ನಷ್ಟ. ಆದರೆ ಮೃದಂಗದ ಸೊಲ್ಲಿನಲ್ಲಿ ದೇವರ ಹೆಸರಿಲ್ಲ. ‘ತಕದಿಮಿ’ಯನ್ನು ಅಮೆರಿಕದವನು ಎಷ್ಟೇ ಶುದ್ಧವಾಗಿ ನುಡಿದರೂ ಯಾರ ಕಣ್ಣೂ ಒದ್ದೆಯಾಗದು. ಅದನ್ನು ಮೆಚ್ಚಲು ತಾಳ ಹಾಕಬಲ್ಲ ಕೈ ಬೇಕು.

ಬ್ರೌನ್ ಸ್ವತಃ ಕ್ರಮೇಣ ವೇದಿಕೆಯಿಂದ ಹಿಂದೆ ಸರಿದರು. ಬೇರೆಯವರಿಗೆ ಚಾಪೆ ಹಾಸುವುದೇ ಅವರ ಕೆಲಸವಾಯಿತು. ಭಾರತದ ಜೊತೆಗೆ ಜಾವಾದ ಗ್ಯಾಮೆಲಾನ್ ಸಂಗೀತದತ್ತಲೂ ಅವರ ಒಲವು ಹರಿಯಿತು. 1974ರಲ್ಲಿ ಬರ್ಕ್ಲಿಯಲ್ಲಿ ವಿಶ್ವಸಂಗೀತದ ಕೇಂದ್ರವೊಂದನ್ನು ತೆರೆದರು. 1979ರಲ್ಲಿ ಸ್ಯಾನ್ ಡಿಯೇಗೊ ನಗರದ ವಿಶ್ವವಿದ್ಯಾಲಯಕ್ಕೆ ಹೋದರು. 2005ರಲ್ಲಿ ಅಲ್ಲಿಯೇ ತೀರಿಕೊಂಡರು. 1977ರಲ್ಲಿ ಅಮೆರಿಕ ಎರಡು ವಾಯೇಜರ್ ನೌಕೆಗಳನ್ನು ಆಕಾಶಕ್ಕೆ ಹಾರಿಸಿದಾಗ ಭೂಲೋಕದ ಸಂಗೀತದ ಮಾದರಿಗಳಿರುವ ಸುವರ್ಣ ತಟ್ಟೆಯೊಂದನ್ನು ಪ್ರತಿಯೊಂದರಲ್ಲೂ ಇಟ್ಟಿತಷ್ಟೆ. ಆ ತಟ್ಟೆಯಲ್ಲಿರುವ ಜಾವಾದ ಅರಮನೆಯ ಸಂಗೀತವನ್ನು ಮುದ್ರಿಸಿಕೊಂಡವರು ಬ್ರೌನ್. ಭಾರತದಿಂದ ಯಾವುದನ್ನು ಕಳುಹಿಸಬೇಕು ಎಂದಾಗ ಕೇಸರಬಾಯಿ ಕೇರಕರ್ ಅವರ ಭೈರವಿಯನ್ನು ಸೂಚಿಸಿದವರೂ ಅವರೇ. ಮೂರೂವರೆ ನಿಮಿಷದ ಆ ಹಾಡು ಇಂದು ಸೂರ್ಯಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿದೆ. ತನ್ನ ಗುರುವಿನ ಮೃದಂಗವನ್ನಾಗಲಿ, ತನ್ನ ನೆಚ್ಚಿನ ಕರ್ನಾಟಕ ಸಂಗೀತವನ್ನಾಗಲಿ ಸೂಚಿಸದೆ ಉತ್ತರಾದಿಯ ಒಬ್ಬ ಗಾಯಕಿಯನ್ನು ಸೂಚಿಸಿದ ಈ ಮನುಷ್ಯನ ಕಿವಿಯ ನ್ಯಾಯವನ್ನು ನಾನು ಮೆಚ್ಚುತ್ತೇನೆ. ಅಂದಹಾಗೆ, ಕೇಸರಬಾಯಿಯವರ ಆ ಹಾಡಿನ ಹಿಂದೆ ತಬಲಾ ಇದೆ. ನುಡಿಸಿದವರು ಯಾರೆಂದು ನಮ್ಮಲ್ಲಿ ಎಷ್ಟು ಜನ ವಿಚಾರಿಸಿದ್ದೇವೆ?

ರಂಗನಾಥನ್ 1987ರ ಡಿಸೆಂಬರಿನಲ್ಲಿ ತೀರಿಕೊಂಡರು, ವಿಶ್ವನಾಥನ್ 2002ರಲ್ಲಿ. ವೆಸ್ಲಿಯನ್ನಿನ ಮೃದಂಗದ ತರಗತಿ ನಿಲ್ಲಲಿಲ್ಲ. ಅದನ್ನು ನೆಲ್ಸನ್ ವರ್ಷಗಟ್ಟಲೆ ನಡೆಸಿದರು. 2008ರಲ್ಲಿ ಅವರು ‘ಸೊಲ್ಕಟ್ಟು ಮ್ಯಾನ್ಯುಯಲ್’ ಎಂಬ ಪಾಠಪುಸ್ತಕವನ್ನು ಪ್ರಕಟಿಸಿದರು. ಮೃದಂಗವನ್ನು ಮುಟ್ಟದೆಯೇ, ಬಾಯಿ ಮತ್ತು ಕೈತಾಳಗಳಿಂದಲೇ ಲಯವನ್ನು ಕಲಿಯಬೇಕಾದವರಿಗಾಗಿ ಬರೆದುದು ಅದು. ಪುಸ್ತಕದ ಜೊತೆಗೆ ದೃಶ್ಯಮುದ್ರಿಕೆಗಳನ್ನೂ ಇಟ್ಟರು. ಕಾಗದವೊಂದರಿಂದಲೇ ಇದು ಬಾರದು, ಎದುರಿಗೆ ಹೇಳಿಕೊಡುವ ಬಾಯಿಯೊಂದಿರಬೇಕು ಎಂದು ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಾಗದದ ಮೇಲೆ ದುಡಿದವರೇ ಒಪ್ಪಿಕೊಂಡಂತಾಯಿತು. ನಮ್ಮ ನಾಗವರ್ಮ ಮಡದಿಯನ್ನು ಕೂರಿಸಿಕೊಂಡ ಜಾಗದಲ್ಲಿ ಇವರು ಯಂತ್ರವನ್ನು ಕೂರಿಸಿದರು ಎನ್ನೋಣ.

ಕೊನ್ನಕ್ಕೋಲ್ ಎಂಬುದು, ಬಾಯಲ್ಲಿ ಸೊಲ್ಲು ಹೇಳುವುದನ್ನೇ ಪ್ರತ್ಯೇಕ ಪಕ್ಕವಾದ್ಯವಾಗಿ ನಡೆಸುತ್ತಿದ್ದ ಕಲೆ, ಹಿಂದಿನ ಶತಮಾನದಲ್ಲಿ ನಮ್ಮ ವೇದಿಕೆಗಳಿಂದ ಬಹುಪಾಲು ಮರೆಯಾಗಿತ್ತು. ಪತ್ರಿಕೆಯ ಚಿಕ್ಕಕ್ಷರಗಳಲ್ಲಿಯೂ ಅದಕ್ಕೆ ಎಡೆಯಿರಲಿಲ್ಲ. ಈಚಿನ ವರ್ಷಗಳಲ್ಲಿ ಅದು ಮರಳಿ ಕೇಳಿಬರುತ್ತಿದೆ. ಬೆಂಗಳೂರಿನ ಬಿ. ಸಿ. ಮಂಜುನಾಥ್ ಅವರು ಹೇಳುವ ಸೊಲ್ಲುಗಳನ್ನು ದೇಶವಿದೇಶಗಳ ಜನ ಹುಡುಕಿ ಕೇಳುತ್ತಿದ್ದಾರೆ. 2019ರಲ್ಲಿ ನೆಲ್ಸನ್ ಅವರ ಎರಡನೆಯ ಪುಸ್ತಕ ಹೊರಬಂದಿತು, ಮೊದಲನೆಯದನ್ನು ಮುಗಿಸಿದವರಿಗೆ ಮುಂದಿನ ಪಾಠಗಳು. ಅದರ ಹೆಸರು ‘ಕೊನ್ನಕ್ಕೋಲ್ ಮ್ಯಾನ್ಯುಯಲ್’. ರಂಗನಾಥನ್ ಮೃದಂಗವನ್ನು ಹೊತ್ತು ಮಿಡ್ಲ್‌ಟೌನಿಗೆ ಹೋಗಿ ಆಗ 56 ವರ್ಷಗಳಾಗಿದ್ದುವು.